ಕರೆಂಟ್ ಇಲ್ಲದ ಕರೆಂಟ್ ಗಿಟಾರ್

ಮನೆಯಲ್ಲಿ ಒಂದು ಎಲೆಕ್ಟ್ರಿಕ್ ಗಿಟಾರ್ ಇದ್ದು, ಅದರ ಜೊತೆಗಿರಬೇಕಾದ ಆಂಪ್ಲಿಫಯರ್ ಇಲ್ಲದೇ ಹೋದರೆ ತಿಂಗಳಿಗೊಂದಾದರೂ ತಮಾಷೆ ನಡೆಯುತ್ತದೆ. ನಾವೇನೂ ಹುಡುಕಿಕೊಂಡು ಹೋಗಬೇಕಾಗಿಲ್ಲ, ಅದೇ ಕಾಲಿಂಗ್ ಬೆಲ್ ಒತ್ತಿಕೊಂಡು ಬರುತ್ತದೆ.

ನಾನು ವಿಜಯನಗರದ ಒಂದು ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಮನೆ ಆರ್‌ಪಿಸಿ ಲೇಔಟ್‌ನಲ್ಲಿ. ಮನೆಯಲ್ಲಿರೋದು ನಾನು, ನಮ್ಮ ಯಜಮಾನರು, ನಮ್ಮತ್ತೆ. ನನಗೀಗ ನಲವತ್ತೆಂಟು. ಈ ವಯಸ್ಸಿನಲ್ಲಿ ಎಲ್ಲರಿಗೂ ಮಂಡಿನೋವು ಬರುತ್ತದೆ, ನನಗೆ ಗಿಟಾರ್ ಬಂತು. ತಂದುಕೊಟ್ಟವನು ನನ್ನ ತಮ್ಮ. ಮದುವೆ ಆರತಕ್ಷತೆ, ಗಣೇಶೋತ್ಸವ, ರಾಜ್ಯೋತ್ಸವ ಅಂತ ಅವನು ವರ್ಷಗಟ್ಟಲೆ ಆರ್ಕೆಸ್ಟ್ರಾದಲ್ಲಿ ನುಡಿಸುತ್ತಿದ್ದ. ಬೆನ್ನುನೋವು ಶುರುವಾಗಿ ಡಾಕ್ಟರು ನಿಂತು ನುಡಿಸಬೇಡ ಅಂದರು. ಒಂದು ಭಾನುವಾರ ಗಿಟಾರನ್ನು ಬ್ಯಾಗ್ ಸಮೇತ ತಂದು ನಮ್ಮ ದಿವಾನದ ಮೇಲೆ ಮಲಗಿಸಿದ.

"ಅಕ್ಕ, ಕಣ್ಣೆದುರಿಗಿದ್ರೆ ಕೈ ಸುಮ್ನಿರಲ್ಲ. ನಿನ್ನ ಹತ್ರ ಇರ್ಲಿ."

"ಇದಕ್ಕೊಂದು ದೊಡ್ಡ ಬಾಕ್ಸ್ ಇತ್ತಲ್ಲೋ?"

"ಅದು ಆರ್ಕೆಸ್ಟ್ರಾದವರದ್ದು. ಗಿಟಾರ್ ಮಾತ್ರ ನಂದು."

ಆ ಬಾಕ್ಸೇ ಆಂಪ್ಲಿಫಯರ್. ಅದಿಲ್ಲದಿದ್ದರೆ ಈ ಗಿಟಾರಿಗೆ ಬಾಯಿಲ್ಲ. ಮಾಮೂಲಿ ಗಿಟಾರಿಗೆ ಹೊಟ್ಟೆ ಟೊಳ್ಳು, ಅದಕ್ಕೇ ಸದ್ದು ಮೊಳಗುತ್ತದೆ. ಇದು ಗಟ್ಟಿ ಮರದ ಹಲಗೆ. ತಂತಿ ಮೀಟಿದರೆ ಪಕ್ಕದ ರೂಮಿನಲ್ಲಿ ಯಾರೋ ಚಮಚ ತೊಳೆಯುತ್ತಿದ್ದಾರೇನೋ ಅನ್ನುವಷ್ಟು ಸಣ್ಣ ಕಿಣಿಕಿಣಿ. ಒಂದು ಸಂಜೆ ಉತ್ತರಪತ್ರಿಕೆ ತಿದ್ದಿ ಮುಗಿಸಿ ಸುಮ್ಮನೆ ಒಂದು ತಂತಿ ಎಳೆದೆ. ಇಡೀ ದಿನ ನಲವತ್ತೈದು ಮಕ್ಕಳ ಗಲಾಟೆ ಕೇಳಿ ಬಂದ ಕಿವಿಗೆ ಆ ಕಿಣಿಕಿಣಿ ಎಷ್ಟು ಹಿತವಾಗಿತ್ತೆಂದರೆ, ಬಾಕ್ಸ್ ಬೇಕು ಅಂತ ನನಗೆ ಅವತ್ತೂ ಅನಿಸಲಿಲ್ಲ, ಇವತ್ತೂ ಅನಿಸಿಲ್ಲ.

ಅನಿಸಿದ್ದೆಲ್ಲ ಬೇರೆಯವರಿಗೆ.

ಗಿಟಾರ್ ಚಪ್ಪಲಿ

ನಮ್ಮತ್ತೆಗೆ ಗಿಟಾರ್ ಬಗ್ಗೆ ತಕರಾರಿರಲಿಲ್ಲ. ತಕರಾರಿದ್ದದ್ದು ಎಲೆಕ್ಟ್ರಿಕ್ ಅನ್ನುವ ಮಾತಿನ ಬಗ್ಗೆ. ಅವರ ತವರಲ್ಲಿ ಬೋರ್‌ವೆಲ್ ಮೋಟಾರ್ ಮುಟ್ಟಿ ಒಬ್ಬರಿಗೆ ಶಾಕ್ ಹೊಡೆದಿತ್ತಂತೆ. ಅವತ್ತಿಂದ ಅವರು ಸ್ವಿಚ್ ಒತ್ತುವುದೂ ಸೆರಗಿನ ತುದಿಯಿಂದಲೇ.

"ಇದು ಕರೆಂಟ್ ಗಿಟಾರ್ ಅಲ್ವಾ?"

"ಹೌದು ಅತ್ತೆ. ಆದ್ರೆ ಇದಕ್ಕೆ ನಾನು ಕರೆಂಟ್ ಕೊಡಲ್ಲ."

"ನೀನು ಕೊಡದಿದ್ರೆ ಏನಾಯ್ತು? ಒಳಗಡೆ ಉಳ್ಕೊಂಡಿರುತ್ತೆ. ತಂತಿ ಬೇರೆ ಇದೆ. ಚಪ್ಪಲಿ ಹಾಕ್ಕೊಂಡು ನುಡಿಸು."

ನಮ್ಮ ಮನೆಯಲ್ಲಿ ಚಪ್ಪಲಿ ಹೊಸ್ತಿಲು ದಾಟಿದ್ದೇ ಇಲ್ಲ. ಒಮ್ಮೆ ಟಿವಿ ರಿಪೇರಿಯವನು ಮರೆತು ಬೂಟು ಹಾಕಿಕೊಂಡು ಒಳಗೆ ಬಂದಿದ್ದಕ್ಕೆ ಅತ್ತೆ ಎರಡು ಸಲ ನೆಲ ಒರೆಸಿದ್ದರು. ಹಾಗಾಗಿ ಅವರಿಗೇ ಧರ್ಮಸಂಕಟ. ಒಂದು ದಿನವೆಲ್ಲ ಯೋಚಿಸಿ, ಸಂಜೆ ತಾವೇ ಮಾರ್ಕೆಟ್ಟಿಗೆ ಹೋಗಿ ಒಂದು ಜೊತೆ ಹೊಸ ಹವಾಯಿ ಚಪ್ಪಲಿ ತಂದರು. ಬೀದಿ ಮಣ್ಣು ಸೋಕದ ಹಾಗೆ ಕವರಿನಲ್ಲೇ ಇಟ್ಟು, ದಿವಾನದ ಕೆಳಗೆ ಸೇರಿಸಿದರು. ಬಂದವರು ಕೇಳಿದರೆ, "ಅದು ಗಿಟಾರ್ ಚಪ್ಪಲಿ" ಅನ್ನುತ್ತಿದ್ದರು, ಅದೂ ಪೂಜೆ ಸಾಮಾನಿನ ಪೈಕಿ ಅನ್ನುವ ಹಾಗೆ.

ನಾನೂ ವಾದ ಮಾಡಲಿಲ್ಲ. ನೀಲಿ ಚಪ್ಪಲಿ ಮೆಟ್ಟಿಕೊಂಡು ದಿವಾನದ ಮೇಲೆ ಕೂತು ದಿನಾ ಅರ್ಧ ಗಂಟೆ ಮೀಟುತ್ತಿದ್ದೆ. ಒಂದು ಸಂಜೆ ನಮ್ಮ ರಸ್ತೆಯ ಟ್ರಾನ್ಸ್‌ಫಾರ್ಮರ್ ಢಬ್ ಅಂದು ಇಡೀ ಲೇಔಟ್ ಕತ್ತಲಾಯಿತು. ನಾನು ನುಡಿಸುತ್ತಲೇ ಇದ್ದೆ. ಅತ್ತೆ ಕೈಯಲ್ಲಿ ಮೇಣದ ಬತ್ತಿ ಹಿಡಿದು ಬಂದು, ನನ್ನ ಕಾಲಿನ ಕಡೆ ನೋಡಿ, ಸಮಾಧಾನದಿಂದ ಅಂದರು:

"ಕರೆಂಟ್ ಹೋಯ್ತಲ್ಲ, ಇನ್ನು ಬಿಚ್ಚಿಡು. ಸುಮ್ನೆ ಯಾಕೆ ಸವೆಸ್ತೀಯ."

ಸೊಳ್ಳೆ

ನಮ್ಮ ಯಜಮಾನರು ಒಳ್ಳೆಯವರು. ಸಂಜೆ ಆಫೀಸಿಂದ ಬಂದು, ಕಾಫಿ ಕುಡಿದು, ಟಿವಿ ಮುಂದೆ ಕೂತರೆ ದೇಶದ ಸುದ್ದಿಯೆಲ್ಲ ಮುಗಿಯುವ ತನಕ ಏಳುವುದಿಲ್ಲ. ಅವರ ಪಕ್ಕದ ದಿವಾನದಲ್ಲಿ ನನ್ನ ಗಿಟಾರ್ ಅಭ್ಯಾಸ. ಮೂರು ತಿಂಗಳು ಹೀಗೇ ನಡೆಯಿತು. ಅವರು ಒಂದು ಮಾತೂ ಆಡಲಿಲ್ಲ. ಎಷ್ಟು ಸಹನೆ ಇವರಿಗೆ ಅಂತ ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡಿದ್ದೆ.

ಒಂದು ದಿನ ಜಾಹೀರಾತು ಬಂದಾಗ ನನ್ನ ಕಡೆ ತಿರುಗಿ, ಬಹಳ ಪ್ರೀತಿಯಿಂದ ಕೇಳಿದರು. "ಅಲ್ಲ ಕಣೇ, ದಿನಾ ಸುಮ್ನೆ ಹಿಡ್ಕೊಂಡು ಕೂತಿರ್ತೀಯಲ್ಲ. ಒಂದಿನ ನುಡಿಸು. ನಂಗೇನೂ ತೊಂದ್ರೆ ಇಲ್ಲ."

"ರೀ, ನುಡಿಸ್ತಾ ಇದೀನಿ."

"ಈಗ್ಲಾ?"

"ಮೂರು ತಿಂಗಳಿಂದ."

ಅವರು ರಿಮೋಟ್ ತಗೊಂಡು ಟಿವಿ ಮ್ಯೂಟ್ ಮಾಡಿದರು. ನಾನು ಕಲಿತಿದ್ದ ಒಂದೇ ಒಂದು ಪುಟ್ಟ ರಾಗವನ್ನು ಪೂರ್ತಿ ನುಡಿಸಿದೆ. ತಲೆ ಒಂದು ಕಡೆ ವಾಲಿಸಿ ಕಣ್ಣುಮುಚ್ಚಿ ಕೇಳಿದರು. ಮುಗಿದ ಮೇಲೂ ಸ್ವಲ್ಪ ಹೊತ್ತು ಕಣ್ಣು ಬಿಡಲಿಲ್ಲ. ನನಗೆ ಎದೆ ತುಂಬಿಬಂತು.

"ಇದಾ!" ಅಂದರು ಕೊನೆಗೆ. "ನಾನು ಸೊಳ್ಳೆ ಅಂದ್ಕೊಂಡು ಮೂರು ತಿಂಗಳಿಂದ ಲಿಕ್ವಿಡ್ ಬದಲಾಯಿಸ್ತಾನೇ ಇದೀನಲ್ಲೇ!"

ತಲೆನೋವು

ಎದುರುಮನೆಯ ಆಂಟಿ ನಮ್ಮ ರಸ್ತೆಯ ಶಾಂತಿ ಕಾಪಾಡುವವರು. ಯಾರ ಮನೆಯ ಬೈಕ್ ಹಾರನ್ ಜೋರು, ಯಾರ ಮನೆಯ ಮಿಕ್ಸಿ ಎಷ್ಟು ಗಂಟೆಗೆ ತಿರುಗುತ್ತದೆ, ಎಲ್ಲ ಅವರ ಗಮನಕ್ಕಿರುತ್ತದೆ. ನನ್ನ ತಮ್ಮ ಗಿಟಾರ್ ಬ್ಯಾಗ್ ಹೊತ್ತು ನಮ್ಮ ಮೆಟ್ಟಿಲು ಹತ್ತಿದ್ದನ್ನು ಅವರು ಬಾಲ್ಕನಿಯಿಂದ ನೋಡಿದ್ದರು. ನನಗದು ಗೊತ್ತಿರಲಿಲ್ಲ.

ಮೂರನೇ ದಿನ ಸಂಜೆ ಬೆಲ್ ಆಯಿತು. ಆಂಟಿ ಹಣೆಗೆ ಬಿಗಿಯಾಗಿ ಕರ್ಚೀಫ್ ಕಟ್ಟಿಕೊಂಡು ನಿಂತಿದ್ದರು.

"ಟೀಚರ್, ನೀವು ಓದಿದವರು, ನಿಮ್ಗೆ ಹೇಳ್ಬೇಕಾ? ನಿಮ್ಮ ಗಿಟಾರಿಂದ ಮಧ್ಯಾಹ್ನ ಒಂದು ಗಳಿಗೆ ಕಣ್ಣು ಮುಚ್ಚೋಕಾಗ್ತಿಲ್ಲ. ಕಿಟಕಿ ಗಾಜೆಲ್ಲ ಅದುರುತ್ತೆ. ಮೂರು ದಿನದಿಂದ ತಲೆ ಸಿಡೀತಿದೆ."

"ಆಂಟಿ, ಮಧ್ಯಾಹ್ನ ನಾನು ಸ್ಕೂಲಲ್ಲಿರ್ತೀನಿ."

"ನಂಗೊತ್ತಿಲ್ಲಮ್ಮ. ಗಿಟಾರ್ ಬಂದ ದಿನದಿಂದ ಶುರುವಾಗಿದ್ದು."

ಹಿಂದಿನ ರಸ್ತೆಯಲ್ಲಿ ಹಳೇ ಮನೆ ಕೆಡವುತ್ತಿದ್ದರು. ಮೂರು ದಿನದಿಂದ ಡ್ರಿಲ್ ಮೆಷಿನ್ ಓಡುತ್ತಿತ್ತು. ಅದನ್ನು ಹೇಳಿದರೆ ಅವರು ನಂಬುವ ಹಾಗೆ ಕಾಣಲಿಲ್ಲ. ಒಳಗೆ ಕರೆದು ಕೂರಿಸಿ ಕಾಫಿ ಕೊಟ್ಟೆ. ಗಿಟಾರ್ ತಂದು ಅವರ ಮುಂದೆಯೇ ಕೂತೆ. ಆಂಟಿ ಕಿವಿಗೆ ಎರಡು ಬೆರಳಿಟ್ಟುಕೊಂಡು, ಮುಖ ಕಿವುಚಿ, ಗೋಡೆಗೆ ಒರಗಿ ಸಿದ್ಧರಾದರು. ನಾನು ಆರೂ ತಂತಿಗಳನ್ನು ಒಟ್ಟಿಗೆ, ನನಗೆ ಎಷ್ಟು ಸಾಧ್ಯವೋ ಅಷ್ಟು ಜೋರಾಗಿ ಬಾರಿಸಿದೆ.

ಆಂಟಿ ಕಾಯುತ್ತಲೇ ಇದ್ದರು.

"ಶುರು ಮಾಡಿ."

"ಮುಗೀತು ಆಂಟಿ."

ಒಂದು ಬೆರಳು ತೆಗೆದರು. ಇನ್ನೊಮ್ಮೆ ಬಾರಿಸಿದೆ. ಇನ್ನೊಂದೂ ತೆಗೆದರು. ಆಮೇಲೆ ಎದ್ದು ಬಂದು ಬಗ್ಗಿ ಕಿವಿಕೊಟ್ಟು ಕೇಳಿದರು. ಅವರ ಮುಖದಲ್ಲಿ ಕೋಪ ಇರಲಿಲ್ಲ, ಏನೋ ಮೋಸಹೋದ ನೋವಿತ್ತು. ಹಣೆಯ ಕರ್ಚೀಫ್ ಬಿಚ್ಚುತ್ತಾ ಅಂದರು:

"ಇಷ್ಟಕ್ಕಾ ನಾನು ಆರು ಮಾತ್ರೆ ನುಂಗಿದ್ದು?"

ಆನ್‌ಲೈನ್ ಗುರುಗಳು

ಸ್ವಂತವಾಗಿ ಎಷ್ಟು ದಿನ ಕಿಣಿಕಿಣಿ ಮಾಡೋದು, ಕಲಿಯೋಣ ಅನಿಸಿತು. ತಮ್ಮನೇ ಕೆಂಗೇರಿಯ ಒಬ್ಬ ಹುಡುಗನ ನಂಬರ್ ಕೊಟ್ಟ. ಹುಡುಗ ಅಂದರೂ ನನಗೆ ಗುರುಗಳೇ. ಭಾನುವಾರ ಬೆಳಿಗ್ಗೆ ವಿಡಿಯೋ ಕಾಲ್‌ನಲ್ಲಿ ಪಾಠ. ಮೊದಲನೇ ದಿನವೇ ಅವರು ಹೇಳಿದರು, "ಮೇಡಂ, ನೀವು ಮ್ಯೂಟ್‌ನಲ್ಲಿದೀರ."

"ಇಲ್ಲ, ಮಾತು ಕೇಳಿಸ್ತಾ ಇದ್ಯಲ್ಲ?"

"ಮಾತು ಕೇಳಿಸುತ್ತೆ. ಗಿಟಾರ್ ಮ್ಯೂಟ್‌ನಲ್ಲಿದೆ."

ಬಾಕ್ಸ್ ಇಲ್ಲ ಅಂತ ವಿವರಿಸಿದೆ. ಪಾಪ, ಅವರು ಬೇಜಾರು ಮಾಡಿಕೊಳ್ಳಲಿಲ್ಲ. ನನ್ನ ಬೆರಳುಗಳನ್ನು ನೋಡಿಕೊಂಡೇ ಪಾಠ ಮಾಡಿದರು. "ಮೂರನೇ ಬೆರಳು ಸ್ವಲ್ಪ ಹಿಂದೆ ಹೋಯ್ತು", "ಈಗ ಚೆನ್ನಾಗಿ ಬಂದಿರ್ಬೇಕು ಅನ್ಸುತ್ತೆ", ಹೀಗೆ. ಎಂಟು ವಾರ ಕಲಿಸಿದರು. ನನ್ನ ವಾದನ ಹೇಗಿದೆ ಅಂತ ಅವರಿಗಾಗಲೀ ನನಗಾಗಲೀ ಸರಿಯಾಗಿ ಗೊತ್ತಿರಲಿಲ್ಲ. ಆದರೂ ಇಬ್ಬರಿಗೂ ತೃಪ್ತಿಯಿತ್ತು.

ಒಂಬತ್ತನೇ ವಾರ ಅವರಿಗೆ ಒಂದು ಉಪಾಯ ಹೊಳೆಯಿತು. "ಮೇಡಂ, ಫೋನನ್ನ ಗಿಟಾರಿನ ಮೇಲೇ ಇಟ್ಬಿಡಿ. ಮುಖ ಕಾಣ್ಸೋದು ಬೇಡ. ಬರೀ ಕೇಳ್ತೀನಿ." ಹಾಗೇ ಮಾಡಿದೆ. ಫೋನು ಜಾರದ ಹಾಗೆ ಗಲ್ಲದಿಂದ ಒತ್ತಿ ಹಿಡಿದು, ಉಸಿರು ಬಿಗಿಹಿಡಿದು, ಎಂಟು ವಾರದ ವಿದ್ಯೆಯನ್ನೆಲ್ಲ ನುಡಿಸಿದೆ.

"ಸೂಪರ್ ಮೇಡಂ! ಈಗ ಕ್ಲಿಯರ್ ಆಗಿ ಕೇಳಿಸ್ತು! ಆ ಕೊನೇ ನೋಟ್ ಇತ್ತಲ್ಲ, ಉದ್ದಕ್ಕೆ ಎಳೆದ್ರಲ್ಲ, ಅದೊಂದು ಸ್ವಲ್ಪ ಮೇಲೆ ಹೋಯ್ತು. ಬಾಕಿ ಪರ್ಫೆಕ್ಟ್."

ಒಳಗಿಂದ ಅತ್ತೆ ಕೂಗಿದರು. "ಮೂರು ಕೂಗ್ತು, ಕುಕ್ಕರ್ ಆಫ್ ಮಾಡ್ಲಾ?"

ಯಾವ ದೇವರು?

ತಂತಿಗಳಿಗೆ ತುಕ್ಕು ಹಿಡಿದಿದೆ, ಒಂದ್ಸಲ ತಗೊಂಡು ಬನ್ನಿ ಮೇಡಂ, ಬದಲಾಯಿಸಿ ಕೊಡ್ತೀನಿ ಅಂತ ಗುರುಗಳು ಕರೆದರು. ಒಂದು ರಜಾ ದಿನ ಗಿಟಾರ್ ಹೆಗಲಿಗೇರಿಸಿಕೊಂಡು ಮೆಟ್ರೋ ಸ್ಟೇಷನ್ನಿಗೆ ಹೋದೆ. ತಪಾಸಣೆಯ ಹತ್ತಿರ ಇದ್ದ ಹುಡುಗಿ ಹೊಸಬಳು, ಕೆಲಸದಲ್ಲಿ ಬಹಳ ನಿಯತ್ತು.

"ಮೇಡಂ, ಬ್ಯಾಗ್ ಓಪನ್ ಮಾಡಿ. ಏನಿದು?"

"ಗಿಟಾರಮ್ಮ."

ಆಕೆ ಮೇಲಿಂದ ಕೆಳಗೆ ನೋಡಿದಳು. "ಗಿಟಾರಿಗೆ ಮಧ್ಯದಲ್ಲಿ ದೊಡ್ಡ ತೂತಿರುತ್ತೆ. ಇದಕ್ಕಿಲ್ಲ."

"ಇದು ಬೇರೆ ಥರದ್ದು. ತೂತಿರಲ್ಲ."

"ಹಂಗಾದ್ರೆ ಸೌಂಡ್ ಎಲ್ಲಿಂದ ಬರುತ್ತೆ?"

ನಿಜ ಹೇಳಿದೆ. "ಬರಲ್ಲ."

ಅಷ್ಟು ಹೇಳಿದ್ದೇ ತಪ್ಪಾಯಿತು. ಆಕೆ ತನ್ನ ಮೇಲಿನವರನ್ನು ಕರೆದಳು. ಅವರು ನನ್ನ ವಯಸ್ಸಿನವರು, ದಪ್ಪ ಮೀಸೆ. ಬಹಳ ಗೌರವದಿಂದ, "ಮೇಡಂ, ಒಂದು ಚೂರು ನುಡಿಸಿ ತೋರಿಸ್ಬಿಡಿ, ಹೋಗಿ" ಅಂದರು. ನುಡಿಸಿದೆ. ಮೇಲೆ ರೈಲು ಬರುವ ಸದ್ದು, ಸ್ಪೀಕರಿನಲ್ಲಿ ಪ್ರಕಟಣೆ, ಹೊರಗೆ ಬಸ್ಸಿನ ಹಾರನ್. ಏನೂ ಕೇಳಿಸಲಿಲ್ಲ. ಅವರು ಟೋಪಿ ತೆಗೆದು, ಸೊಂಟ ಬಗ್ಗಿಸಿ, ಗಿಟಾರಿನ ಮರಕ್ಕೆ ಕಿವಿಯಿಟ್ಟರು. ಮುಖ ಅರಳಿತು.

"ಹಾಂ! ಬರ್ತಿದೆ! ಒಳಗಡೆ ಬರ್ತಿದೆ! ಬಾಮ್ಮ, ನೀನೂ ಕೇಳು."

ಆ ಹುಡುಗಿ ಬಗ್ಗಿ ಕೇಳಿದಳು. ಅವಳ ಹಿಂದೆ ನಿಂತಿದ್ದ ಕಾಲೇಜು ಹುಡುಗ, "ಆಂಟಿ, ಒಂದ್ನಿಮಿಷ, ನಂಗೂ" ಅಂದ. ಅವನ ಗೆಳೆಯ, "ಸರಿಯೋ ಮಗಾ" ಅಂತ ಅವನನ್ನು ತಳ್ಳಿ ತಾನೂ ಬಗ್ಗಿದ. ಹೂವಿನ ಬುಟ್ಟಿ ಹಿಡಿದಿದ್ದ ಅಜ್ಜಿ ಬಂದರು. ಟಿಫನ್ ಕ್ಯಾರಿಯರ್‌ನವರು ಬಂದರು. ನಾನು ನಿಲ್ಲಿಸಿದರೆ ಮುಂದಿನವರಿಗೆ ಬೇಜಾರಾಗುತ್ತದೆ ಅಂತ ನುಡಿಸುತ್ತಲೇ ಇದ್ದೆ. ಒಂದು ರೈಲು ಬಂದು ಹೋಯಿತು.

ಕೊನೆಯಲ್ಲಿ ಅವಸರವಾಗಿ ಮೆಟ್ಟಿಲು ಹತ್ತಿ ಬಂದ ಒಬ್ಬ ಹೆಂಗಸು, ಒಬ್ಬೊಬ್ಬರೇ ಬಗ್ಗಿ ಬಗ್ಗಿ ಹೋಗುತ್ತಿರುವುದನ್ನು ದೂರದಿಂದ ಕಂಡು, ಚಪ್ಪಲಿ ಬಿಟ್ಟು ಸಾಲಿನಲ್ಲಿ ನಿಂತರು. ಸರದಿ ಬಂದಾಗ ಗಿಟಾರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಮೆಲ್ಲಗೆ ನನ್ನನ್ನೇ ಕೇಳಿದರು.

"ಯಾವ ದೇವ್ರು ಅಕ್ಕ?"

ಒಂಬತ್ತನೇ ಬಿ

ನಮ್ಮ ಶಾಲೆಯಲ್ಲಿ ಒಂಬತ್ತನೇ ಬಿ ಸೆಕ್ಷನ್ ಅಂದರೆ ಟೀಚರುಗಳು ತರಗತಿಗೆ ಹೋಗುವ ಮೊದಲು ನೀರು ಕುಡಿದು ಹೋಗುತ್ತಾರೆ. ಮಕ್ಕಳು ಕೆಟ್ಟವರಲ್ಲ, ಬಾಯಿ ಮಾತ್ರ ನಿಲ್ಲುವುದಿಲ್ಲ. ಮೂರು ಪೀರಿಯಡ್ ಅಲ್ಲಿ ಕಳೆದರೆ ಮನೆಗೆ ಹೋಗಿ ಸನ್ನೆಯಲ್ಲೇ ಮಾತಾಡಬೇಕು, ಅಷ್ಟು ಗಂಟಲು ಕಟ್ಟಿರುತ್ತದೆ.

ಲೆಕ್ಕದಲ್ಲಿ ಸಂದೇಹ ಅಂತ ನಮ್ಮ ಮನೆಗೆ ಬಂದಿದ್ದ ಒಬ್ಬಳು ಹುಡುಗಿ ಗಿಟಾರ್ ನೋಡಿದಳು. ಮಾರನೇ ದಿನ ಇಡೀ ತರಗತಿಗೆ ಸುದ್ದಿ. "ಮಿಸ್, ನೀವು ಬ್ಯಾಂಡ್‌ನಲ್ಲಿದೀರಂತೆ?" "ಮಿಸ್, ಸ್ಟೇಜ್ ಮೇಲೆ ಜಂಪ್ ಮಾಡ್ತೀರಂತೆ?" ತರಲೇಬೇಕು ಅಂತ ಹಟ. ಟೀಚರ್ಸ್ ಡೇ ದಿನ ಕೊನೆಯ ಪೀರಿಯಡ್ಡಿಗೆ ತಂದೆ. ನಲವತ್ತೈದು ಜನ ಬೆಂಚ್ ಬಡಿದು, ಶಿಳ್ಳೆ ಹೊಡೆದು ಸ್ವಾಗತ ಮಾಡಿದರು.

ನಾನು ಕುರ್ಚಿಯಲ್ಲಿ ಕೂತು ಶುರು ಮಾಡಿದೆ. ಹಿಂದಿನ ಬೆಂಚಿಂದ, "ಕೇಳಿಸ್ತಿಲ್ಲ ಮಿಸ್!"

"ನೀವು ಸುಮ್ನಾದ್ರೆ ಕೇಳಿಸುತ್ತೆ."

ಮುಂದಿನವರು ಹಿಂದಿನವರಿಗೆ ಶ್ ಅಂದರು. ಹಿಂದಿನವರು ಮುಂದಿನವರಿಗೆ ಶ್ ಅಂದರು. ಫ್ಯಾನ್ ಆಫ್ ಮಾಡಿದರು. ಕಿಟಕಿ ಮುಚ್ಚಿದರು. ಆಮೇಲೆ ಆ ರೂಮಿನಲ್ಲಿ ನಾನು ಹದಿನೆಂಟು ವರ್ಷದ ಟೀಚರ್ ಕೆಲಸದಲ್ಲಿ ಕಾಣದ ಒಂದು ನಿಶ್ಶಬ್ದ ಇಳಿಯಿತು. ನಲವತ್ತೈದು ಮುಖ ಮುಂದಕ್ಕೆ ಬಾಗಿ, ಉಸಿರು ಹಿಡಿದು, ಆ ಸಣ್ಣ ಸದ್ದನ್ನು ಹುಡುಕುತ್ತಿದ್ದವು. ನುಡಿಸಿದ್ದು ಏನೂ ದೊಡ್ಡದಲ್ಲ, ಅದೇ ಒಂದು ಪುಟ್ಟ ರಾಗ. ಆದರೆ ನನ್ನ ಮಾತನ್ನು ಅವರು ಯಾವತ್ತೂ ಹಾಗೆ ಕೇಳಿರಲಿಲ್ಲ.

ಬಾಗಿಲು ದಢಾರನೆ ತೆರೆಯಿತು. ಹೆಡ್‌ಮಿಸ್ ಓಡಿಬಂದಿದ್ದರು, ಹಿಂದೆ ಫಸ್ಟ್ ಏಡ್ ಡಬ್ಬಿ ಹಿಡಿದ ಪಿಟಿ ಸರ್.

"ಏನಾಯ್ತು? ಯಾರಿಗೆ ಏನಾಯ್ತು? ಒಂಬತ್ತನೇ ಬಿ ಯಾಕೆ ಸದ್ದೇ ಇಲ್ಲ?"

ವಿಷಯ ಹೇಳಿದೆ. ಅವರು ಸುಧಾರಿಸಿಕೊಂಡು, ಮಕ್ಕಳನ್ನೊಮ್ಮೆ ನೋಡಿ, ಗಿಟಾರನ್ನೊಮ್ಮೆ ನೋಡಿ, ನನ್ನನ್ನು ಹೊರಗೆ ಕರೆದು ಪಿಸುಗುಟ್ಟಿದರು.

"ಅದನ್ನ ಇವತ್ತು ಮನೆಗೆ ತಗೊಂಡ್ಹೋಗ್ಬೇಡಿ. ನಾಲ್ಕು ಗಂಟೆಗೆ ಸ್ಟಾಫ್ ಮೀಟಿಂಗ್ ಇದೆ."

ಶ್ರುತಿ

ನಮ್ಮತ್ತೆ ಒಂದು ಭಜನಾ ಮಂಡಳಿಯ ಸದಸ್ಯೆ. ಹದಿನೆಂಟು ಜನ ಹೆಂಗಸರು, ಶುಕ್ರವಾರ ಸಂಜೆ ಒಬ್ಬೊಬ್ಬರ ಮನೆಯಲ್ಲಿ ಸೇರುತ್ತಾರೆ. ತಾಳ, ಚಿಟಿಕೆ, ಒಂದು ಡೋಲಕ್. ಮಂಡಳಿಯ ಮುಖ್ಯಸ್ಥೆ ಹಾರ್ಮೋನಿಯಂ ನುಡಿಸುವ ಒಬ್ಬರು ಹಿರಿಯರು. ಅವರು ಬಹಳ ಕಟ್ಟುನಿಟ್ಟು. ಹಾಡಿನ ಮಧ್ಯೆ ಯಾರಾದರೂ ಸ್ವಲ್ಪ ಆಚೀಚೆ ಹೋದರೆ ಕಣ್ಣು ದೊಡ್ಡದು ಮಾಡಿ, "ಶ್ರುತಿ! ಶ್ರುತಿ!" ಅಂತ ಎಚ್ಚರಿಸುತ್ತಾರೆ. ಅವರ ಮುಂದೆ ನಮ್ಮತ್ತೆಯೂ ಹೋಮ್‌ವರ್ಕ್ ಮಾಡದ ಮಕ್ಕಳ ಹಾಗೆ ಮುದುರಿಕೊಳ್ಳುತ್ತಿದ್ದರು.

ಒಂದು ಶುಕ್ರವಾರ ಅತ್ತೆ ನನಗೆ ತಿಳಿಸದೇ ಅಲ್ಲಿ ಘೋಷಣೆ ಮಾಡಿಬಿಟ್ಟರು. "ನಮ್ಮ ಸೊಸೆ ತಂತಿ ವಾದ್ಯ ನುಡಿಸ್ತಾಳೆ." ಹಾರ್ಮೋನಿಯಂ ಅಮ್ಮ ಒಂದು ಕ್ಷಣವೂ ಯೋಚಿಸದೆ, "ಕರ್ಕೊಂಡ್ಬನ್ನಿ, ಮುಂದಿನ ವಾರದಿಂದ್ಲೇ" ಅಂದರಂತೆ. ಅಷ್ಟು ಸುಲಭವಾಗಿ ಅವರು ಯಾರನ್ನೂ ಸೇರಿಸಿಕೊಂಡವರಲ್ಲ ಅಂತ ಅತ್ತೆಗೆ ಹೆಮ್ಮೆಯೋ ಹೆಮ್ಮೆ.

ನನಗೆ ಆ ಭಜನೆಗಳ ಧಾಟಿ ಒಂದೂ ಗೊತ್ತಿಲ್ಲ. ಮೊದಲ ವಾರ ಬೆವರುತ್ತಾ ಹೋಗಿ, ಹೇಗೋ ಹಿಂದೆ ಹಿಂದೆ ನುಡಿಸಲು ನೋಡಿದೆ. ಹದಿನೆಂಟು ಕಂಠ, ತಾಳ, ಡೋಲಕ್ ನಡುವೆ ನನ್ನ ಸದ್ದು ನನಗೇ ಕೇಳಿಸಲಿಲ್ಲ. ಮುಗಿದ ಮೇಲೆ ಒಬ್ಬರು ಬಂದು, "ನೀವು ಬಂದಿದ್ದು ಎಷ್ಟು ಒಳ್ಳೇದಾಯ್ತು, ಭಜನೆಗೆ ಒಂದು ತೂಕ ಬಂತು" ಅಂದರು. ಎರಡನೇ ವಾರ ಧೈರ್ಯ ಬಂತು. ಮೂರನೇ ವಾರದಿಂದ ನಾನು ಧಾಟಿ ಹಿಡಿಯುವ ಪ್ರಯತ್ನವನ್ನೇ ಬಿಟ್ಟೆ. ಕೆಂಗೇರಿ ಗುರುಗಳು ಬೆರಳು ಚುರುಕಾಗಲಿ ಅಂತ ಕೊಟ್ಟಿದ್ದ ಒಂದು ಹೋಮ್‌ವರ್ಕ್ ಇತ್ತು, ನಾಲ್ಕು ಬೆರಳನ್ನು ಒಂದಾದ ಮೇಲೊಂದು ತಂತಿಯ ಮೇಲೆ ಹತ್ತಿಸಿ ಇಳಿಸುವುದು. ಕೇಳುವುದಕ್ಕೆ ಇಲಿ ಏಣಿ ಹತ್ತಿದ ಹಾಗೆ ಇರುತ್ತದೆ. ಕಣ್ಣು ಮುಚ್ಚಿ, ಭಕ್ತಿಯಿಂದ ತಲೆಯಾಡಿಸುತ್ತಾ, ದೇವರ ಮುಂದೆ ಕೂತು ನಾಲ್ಕು ತಿಂಗಳು ನಾನು ಮಾಡಿದ್ದು ಅದನ್ನೇ. ಹೋಮ್‌ವರ್ಕೂ ಆಯಿತು, ಪುಣ್ಯವೂ ಬಂತು ಅಂದುಕೊಂಡಿದ್ದೆ.

ಗಣೇಶನ ಹಬ್ಬ ಬಂತು. ನಮ್ಮ ಲೇಔಟ್ ಪೆಂಡಾಲಿನಲ್ಲಿ ಒಂದು ಸಂಜೆ ಮಂಡಳಿಯ ಕಾರ್ಯಕ್ರಮ. ಅತ್ತೆ ತವರಿಂದ ತಮ್ಮಂದಿರು, ನಾದಿನಿಯರು, ಅವರ ಮಕ್ಕಳು ಎಲ್ಲರನ್ನೂ ಕರೆಸಿ ಮುಂದಿನ ಎರಡು ಸಾಲಿನಲ್ಲಿ ಕೂರಿಸಿದ್ದರು. "ಸೊಸೆ ಎಡಗಡೆ ಕೂತ್ಕೋತಾಳೆ, ನೋಡಿ" ಅಂತ ಪ್ರತಿಯೊಬ್ಬರಿಗೂ ಹೇಳಿದ್ದರು.

ಎರಡೂ ಕಡೆ ಆಳೆತ್ತರದ ಸ್ಪೀಕರ್. ಮೈಕ್‌ಸೆಟ್‌ನವನು ಹಾಡುವವರಿಗೆ ಮೂರು ಮೈಕ್ ಇಟ್ಟು, ನನ್ನ ಹತ್ತಿರ ಬಂದು ನಿಂತ. ಅವನ ಕಣ್ಣು ಗಿಟಾರಿನ ಮೇಲೆ.

"ಮೇಡಂ, ಇಂಥಾ ಗಿಟಾರ್ ಇಟ್ಕೊಂಡು ಲೈನ್ ಕೊಡದೇ ಕೂತಿದೀರಲ್ಲ!"

"ಬೇಡಣ್ಣ, ಪರವಾಗಿಲ್ಲ."

"ನೀವ್ ಸುಮ್ನಿರಿ ಮೇಡಂ, ನನ್ನ ಹತ್ರ ವೈರ್ ಇದೆ" ಅಂತ ಹೇಳಿ ಒಂದು ಉದ್ದನೆ ವೈರ್ ತಂದು ಗಿಟಾರಿಗೆ ಚುಚ್ಚಿಯೇಬಿಟ್ಟ. ಗಿಟಾರಿನ ಮೇಲೆ ಸದ್ದಿಗೊಂದು ತಿರುಗುಣಿ ಇರುತ್ತದೆ. ಅವನು ಆಚೆ ತಿರುಗಿದ್ದೇ ತಡ, ಅದನ್ನು ಸೊನ್ನೆಗೆ ತಿರುಗಿಸಿಟ್ಟೆ. ಜೀವ ಬಂತು.

ಭಜನೆ ಶುರುವಾಯಿತು. ಸೊನ್ನೆಯಲ್ಲಿದೆಯಲ್ಲ ಅನ್ನುವ ನೆಮ್ಮದಿಯಲ್ಲಿ ನಾನು ಎಂದಿನಂತೆ ಇಲಿಯನ್ನು ಏಣಿ ಹತ್ತಿಸತೊಡಗಿದೆ. ಪೆಂಡಾಲಿನ ಕೊನೆಯಲ್ಲಿ ಮೈಕ್‌ಸೆಟ್‌ನವನು ತಲೆ ಕೆರೆದುಕೊಳ್ಳುವುದು ಕಾಣಿಸಿತು. ನನ್ನ ಬೆರಳು ಓಡುತ್ತಿದೆ, ಅವನ ಸ್ಪೀಕರಿನಲ್ಲಿ ಏನೂ ಬರುತ್ತಿಲ್ಲ. ಪಾಪ, ತನ್ನ ಲೈನೇ ಸರಿಯಿಲ್ಲ ಅಂದುಕೊಂಡ. ತನ್ನ ಪೆಟ್ಟಿಗೆಯಲ್ಲಿ ಒಂದು ಗುಂಡಿ ಮೇಲೆತ್ತಿದ. ಬರಲಿಲ್ಲ. ಪೂರ್ತಿ ಎತ್ತಿದ. ಬರಲಿಲ್ಲ. ಬಗ್ಗಿಕೊಂಡು ವೇದಿಕೆಯ ಹಿಂದಿನಿಂದ ತೆವಳುತ್ತಾ ಬಂದ. ನನ್ನ ಕಣ್ಣು ಮುಚ್ಚಿತ್ತು. ಕಿವಿಯ ಹತ್ತಿರ ಸಂತೋಷದ ಪಿಸುಮಾತು ಕೇಳಿತು.

"ಮೇಡಂ, ಇದು ಸೊನ್ನೇಲಿದೆ!"

ನಾನು ಕಣ್ಣು ಬಿಡುವಷ್ಟರಲ್ಲಿ ತಿರುಗಿಸಿಬಿಟ್ಟಿದ್ದ.

ಅದೇ ಹೊತ್ತಿಗೆ ಎಲ್ಲರೂ ದನಿ ತಗ್ಗಿಸಿ, ಬಹಳ ಮೆದುವಾಗಿ, ದೇವರ ಹೆಸರನ್ನು ಎಳೆಯುತ್ತಿದ್ದರು. ಅದರ ಮೇಲೆ ಎರಡು ಆಳೆತ್ತರದ ಸ್ಪೀಕರಿನಿಂದ ನನ್ನ ಹೋಮ್‌ವರ್ಕ್ ಸಿಡಿಯಿತು. ಇಲಿ ಅಲ್ಲ, ಆನೆ ಕಬ್ಬಿಣದ ಏಣಿ ಹತ್ತಿ ಮೇಲಿಂದ ಬಿದ್ದ ಹಾಗಿತ್ತು. ಡೋಲಕ್ ನಿಂತಿತು. ತಾಳ ನಿಂತಿತು. ಉಸಲಿ ಹಂಚುತ್ತಿದ್ದವರ ಕೈಯಿಂದ ಸೌಟು ಬಿತ್ತು. ಹದಿನೆಂಟು ತಲೆ ಒಟ್ಟಿಗೆ ನನ್ನ ಕಡೆ ತಿರುಗಿತು, ಮುಂದಿನ ಎರಡು ಸಾಲು ಬಾಯಿ ತೆರೆದುಕೊಂಡಿತ್ತು. ಇಡೀ ಪೆಂಡಾಲಿನಲ್ಲಿ ಖುಷಿಯಾಗಿದ್ದವನು ಮೈಕ್‌ಸೆಟ್‌ನವನೊಬ್ಬನೇ. "ಬಂತು! ಬಂತು!" ಅಂತ ಹೆಬ್ಬೆರಳೆತ್ತಿದ. ಹಿಂದಿನಿಂದ ಹುಡುಗರು ಕೂಗಿದರು, "ಆಂಟೀ, ಒನ್ಸ್ ಮೋರ್!"

ವೈರ್ ಕಿತ್ತು ಪಕ್ಕಕ್ಕಿಟ್ಟೆ. ಉಳಿದ ಭಜನೆ ಹೇಗೋ ಮುಗಿಯಿತು. ಮಂಗಳಾರತಿ ಆದಮೇಲೆ ಅತ್ತೆ ನನ್ನನ್ನು ಪೆಂಡಾಲಿನ ಮೂಲೆಗೆ ಕರೆದರು.

"ನಾಲ್ಕು ತಿಂಗಳಿಂದ ಇದನ್ನೇ ನುಡಿಸ್ತಿದ್ಯಾ?"

"ಹೂಂ ಅತ್ತೆ."

"ದೇವರ ಮುಂದೆ?"

"ಹೂಂ."

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅವರ ಮುಖ ಸಣ್ಣಗಾಗಿತ್ತು. ತವರಿನವರ ಮುಂದೆ ಅವರಿಗೆ ಹೀಗಾಯಿತಲ್ಲ ಅಂತ ನನಗೆ ನಿಜವಾಗಿಯೂ ಅಳು ಬಂತು. ಕೊನೆಗೆ ಅಂದರು, "ನಂದಿರ್ಲಿ ಬಿಡು. ಹೋಗಿ ಆ ಅಮ್ಮನ ಹತ್ರ ತಪ್ಪಾಯ್ತು ಅನ್ನು. ಮಂಡಳಿಯಿಂದ ತೆಗೆದ್ರೆ ಇಬ್ಬರೂ ಮನೇಲಿರೋಣ."

ಹಾರ್ಮೋನಿಯಂ ಅಮ್ಮ ವೇದಿಕೆಯ ಹಿಂದೆ ಒಬ್ಬರೇ ಕೂತು ತಮ್ಮ ಪೆಟ್ಟಿಗೆಗೆ ಬಟ್ಟೆ ಸುತ್ತುತ್ತಿದ್ದರು. ನಾನು ಹೋಗಿ ಕಾಲಿನ ಹತ್ತಿರ ಕೂತು ಎಲ್ಲ ಒಪ್ಪಿಕೊಂಡೆ. ಧಾಟಿ ಗೊತ್ತಿಲ್ಲ, ಯಾರಿಗೂ ಕೇಳಿಸಲ್ಲ ಅಂತ ನಾಲ್ಕು ತಿಂಗಳು ಬೆರಳಾಡಿಸಿಕೊಂಡು ಕೂತಿದ್ದೆ, ಅತ್ತೆಯದೇನೂ ತಪ್ಪಿಲ್ಲ, ಕ್ಷಮಿಸಬೇಕು.

ಅವರು ಆ ಕಡೆ ಈ ಕಡೆ ನೋಡಿ, ಸುತ್ತಿದ್ದ ಬಟ್ಟೆಯನ್ನು ಸ್ವಲ್ಪ ಸರಿಸಿ, ಹಾರ್ಮೋನಿಯಂಗೆ ಗಾಳಿ ಹಾಕುವ ತಿದಿಯನ್ನು ಒತ್ತಿ ಒಂದು ಬಿಳಿ ಕೀ ಅದುಮಿದರು. ಉಸ್ ಅಂತ ಗಾಳಿ ಹೋಯಿತು. ಸ್ವರ ಬರಲಿಲ್ಲ.

"ತಿದಿ ಹರಿದು ಆರು ತಿಂಗಳಾಯ್ತು ಕಣಮ್ಮ. ರಿಪೇರಿ ಮಾಡೋನು ಅಂಗಡಿ ಮುಚ್ಕೊಂಡು ಎಲ್ಲೋ ಹೋದ. ಯಾರಿಗೂ ಹೇಳ್ಬೇಡ."

ನಾನು ಹತ್ತಿರ ಸರಿದು ಪಿಸುಗುಟ್ಟಿದೆ. "ಮತ್ತೆ ಈ ನಾಲ್ಕು ತಿಂಗಳು ಎಲ್ಲರಿಗೂ ಶ್ರುತಿ ಕೊಡ್ತಾ ಇದ್ದದ್ದು ಯಾರು?"

ಹಾರ್ಮೋನಿಯಂ ಅಮ್ಮ ನನ್ನನ್ನೇ ದಿಟ್ಟಿಸಿ ನೋಡಿದರು.

"ನೀನು ಅಂತ ನಾನು ಅಂದ್ಕೊಂಡಿದ್ದೆ."